ಮೂವತ್ತೊಂದನೇ ಕಾಲುವೆಯ ದಂಡೆ

ಇಪ್ಪತ್ತೆರಡು ವರ್ಷ ಸಂಡೂರಿನ ಅದಿರು ಹೊತ್ತೀನಿ.
ನಾನಲ್ಲ, ನನ್ನ ಲಾರಿ. ಆದರೂ ಮಾತು ಹಂಗೇ ಬರ್ತೈತಿ.
ಅಂಗಿ ಹಿಂಡಿದ ನೀರು ಬಚ್ಚಲದಾಗ ಕೆಂಪಗೆ ಹರಿದಾಗ
ಮದುವಿಯಾದ ಹೊಸದರಾಗ ಹೆಂಡತಿ
ಎಲ್ಲಿ ಪೆಟ್ಟಾತು ಅಂತ ಮೈಯೆಲ್ಲ ತಡವಿದ್ದಳು.

ಈಗ ಕಾರಟಗಿಯಾಗ ಒಂದು ಅಕ್ಕಿ ಗಿರಣಿಯ ಕಾವಲು.
ಐದೂವರೆಗೆ ಚಾವಿ ಒಪ್ಪಿಸಿದರ ಮನಿಗೆ ಎರಡು ದಾರಿ:
ಡಾಂಬರು ಹಿಡಿದರ ಹತ್ತು ನಿಮಿಷ,
ಕಾಲುವೆ ದಂಡೆ ಹಿಡಿದರ ನಲವತ್ತು.
ಡಾಂಬರು ನನಗೆ ಬಾಯಿಪಾಠ.
ಸಾಕದು.

ಸೈಕಲ್ಲು ಶೇಕ್ಷಾವಲಿ ಅಂಗಡಿಯದು, ಯಾರೋ ತುಳಿದು ಬಿಟ್ಟದ್ದು.
ಹಿಂದಿನ ಮಡ್‌ಗಾರ್ಡಿನ ಮ್ಯಾಲೆ ‘ಲಿಗೆಮ್ಮ’ ಅಂತೈತಿ,
‘ಹು’ ಮಾತ್ರ ತುಕ್ಕು ತಿಂದೈತಿ.
ಬಣ್ಣ ಹೊಡಿಲೇನು ಅಂದ. ಬ್ಯಾಡ ಅಂದೆ.
ಇರಲಿ, ದಾರಿಗೆ ಒಂದು ಹೆಸರು ಜೊತೆಗಿರಲಿ.

ಮೊದಲ ವಾರ ಎಡಗೈ ಗೇರಿಗೆ ತಡಕಾಡಿತು.
ಎಮ್ಮೆ ಕಂಡಲ್ಲೆಲ್ಲ ಅಂಗೈ ಹಾರ್ನು ಹುಡುಕಿತು.
ಎಮ್ಮೆ ಸರಿಯಲಿಲ್ಲ. ನಾನೇ ಇಳಿದು ನಿಂತೆ.
ಅದು ಯೋಚನೆ ಮಾಡುವಷ್ಟು ಹೊತ್ತು ಅದರ ಮುಖ ನೋಡಿದೆ.
ಇಪ್ಪತ್ತೆರಡು ವರ್ಷದಾಗ ನಾನು ಕಂಡದ್ದು
ಬರೀ ಬೆನ್ನು, ಬಾಲ, ನನ್ನದೇ ಬೈಗುಳ.
ಏನು ಉದ್ದ ರೆಪ್ಪೆ ಅದಕ್ಕ!
ರೆಪ್ಪೆಯಾಗ ಸಿಕ್ಕಿಕೊಂಡ ಒಂದು ಹುಲ್ಲಿನ ಎಸಳು.

ಲಾರಿಯಾಗ ಕೂತವನಿಗೆ ಏರು ಅಂದರ ಎಂಜಿನ್ನಿನ ನರಳಾಟ,
ಇಳಿಜಾರು ಅಂದರ ಡೀಸೆಲ್ ಉಳಿತಾಯ.
ಇಲ್ಲಿ ಏರಿಳಿತದ ಲೆಕ್ಕ ತೊಡಿಗೆ ಗೊತ್ತಾಗ್ತೈತಿ.
ನೀರು ಹೋಗುವ ದಿಕ್ಕಿಗೆ ಹೊಂಟರ
ಪೆಡಲು ಒಂದು ಗುಂಜಿಯಷ್ಟು ಹಗುರ.
ತುಂಗಭದ್ರೆಗೆ ತಿಳಿದ ಇಳಿಜಾರು ನನ್ನ ಮೊಣಕಾಲಿಗೂ ತಿಳೀತು ಅಂದೆ.
ಶೇಕ್ಷಾವಲಿ ಬೀಡಿ ತೆಗೆದು ನಕ್ಕ:
‘ಅದು ಶ್ರಾವಣದ ಗಾಳಿ ಮಾರಾಯ, ಬೆನ್ನಿಗೆ ಬೀಸ್ತೈತಿ.’
ಇರಬಹುದು.
ನಾನು ನೀರನ್ನೇ ನಂಬೀನಿ.

ಎಂಜಿನ್ನಿನ ಮಗ್ಗುಲ ಕೂತೂ ಕೂತೂ
ಎಡಗಿವಿ ಅರ್ಧ ಮುಚ್ಚೈತಿ ಅಂದಿದ್ದರು ಡಾಕ್ಟರು.
ತೂಬಿನ ಹತ್ತಿರ ಪೆಡಲು ಬಿಟ್ಟು ತೇಲುವಾಗ
ಹಿಂದಿನ ಗಾಲಿಯ ಕಟಕಟ, ಕಟಕಟ,
ಮರಮಿನ ಸಣ್ಣ ಕಲ್ಲು ಟೈರಿಗೆ ಸಿಕ್ಕು ಚಟ್ಟನೆ ಹಾರಿದ್ದು,
ಗದ್ದೆಯಿಂದ ಗದ್ದೆಗೆ ನೀರು ಧುಮುಕುವ ಗುಟುಕು
ಎಡಗಿವಿಗೇ ಮೊದಲು ಬರ್ತಾವ.
ಡಾಕ್ಟರಿಗೆ ಹೇಳಿಲ್ಲ.

ನಿನ್ನೆ ಗೇಜಿನ ಕಲ್ಲು ದಾಟಿದ ಕೂಡಲೇ ಮುಂದಿನ ಗಾಲಿ ಉಸ್ಸೆಂತು.
ಉಗುರಿನಿಂದ ಕಿತ್ತು ನೋಡಿದರ ಜಾಲಿ ಮುಳ್ಳು,
ಬಳ್ಳಾರಿ ಜಾಲಿ!
ಊರು ಬಿಟ್ಟು ಬಂದರೂ ಹುಡುಕಿಕೊಂಡು ಬಂದೈತಲ್ಲ.
ಸಿಟ್ಟು ಬರಬೇಕಿತ್ತು. ಹಳೇ ಗೆಳೆಯನ ಹಂಗ ಜೇಬಿಗೆ ಹಾಕಿಕೊಂಡೆ.

ತಳ್ಳಿಕೊಂಡು ಹೊಂಟೆ. ನೀರು ನನಗಿಂತ ಸ್ವಲ್ಪ ಮುಂದ,
ತೇಲಿ ಬಂದ ಒಂದು ತೆಂಗಿನ ಚಿಪ್ಪು ನನ್ನ ಸರಿಸಮ.
ಬೆಳ್ಳಕ್ಕಿ ಒಂದು ಹಾರಿತು, ಮನಸ್ಸು ಬದಲಿಸಿ ಅಲ್ಲೇ ಕೂತಿತು.
ಹೊತ್ತು ಏರಿತ್ತು. ನಾಟಿ ಹಚ್ಚುವ ಹೆಂಗಸರು ಸಾಲಾಗಿ ಬಗ್ಗಿದ್ದರು,
ಮೊಣಕಾಲತನಕ ಆಕಾಶ.
ಒಬ್ಬಾಕಿ ನಡ ನೆಟ್ಟಗೆ ಮಾಡಿ ಕೂಗಿದಳು:
‘ಏ ಡ್ರೈವರಣ್ಣಾ, ಲೋಡು ಎಲ್ಲಿಗೋ?’
‘ಖಾಲಿ ಗಾಡಿ ಯವ್ವಾ!’ ಅಂದೆ.

ಅಂದ ಮ್ಯಾಲೆ ಆ ಮಾತು ನನ್ನ ಬಿಡಲಿಲ್ಲ.
ಖಾಲಿ ಹೋದರ ಬಾಡಿಗಿ ಇಲ್ಲ, ಮಾಲಕನ ಮುಖ ಗಂಟು,
ಖಾಲಿ ಅಂದರ ನಮ್ಮ ಕಸುಬಿನಾಗ ಬೈಗುಳ.
ಖಾಲಿ ಗಾಡಿ ಇಷ್ಟು ಸುಖ ಅಂತ
ಯಾವ ಢಾಬಾದಾಗ, ಯಾವ ಡ್ರೈವರೂ ಹೇಳಿರಲಿಲ್ಲ.

ದಂಡೆಯ ಮ್ಯಾಲೆ ಹೊನಗೊನ್ನಿ ಸೊಪ್ಪು ಎಳೆಯದಿತ್ತು,
ಟವೆಲ್ಲಿನಾಗ ಕಟ್ಟಿ ಹ್ಯಾಂಡಲಿಗೆ ಹಾಕಿದೆ.
ಬಾಗಿಲಾಗ ಹೆಂಡತಿ: ‘ಎಂಟಾತು. ಯಾಕ ಇಷ್ಟು ತಡ?’
‘ಟ್ರಾಫಿಕ್ಕು’ ಅಂದೆ.

ಆಕಿ ಸೊಪ್ಪು ನೋಡಿದಳು, ಗಾಳಿ ಇಲ್ಲದ ಗಾಲಿ ನೋಡಿದಳು,
ನನ್ನ ಅಂಗಿ ನೋಡಿದಳು.
‘ಬಿಚ್ಚಿ ಕೊಡ್ರಿ, ಒಗೀತೀನಿ’ ಅಂದಳು.
ಜೇಬಿನಾಗ ಮುಳ್ಳೈತಿ ಅನ್ನೋದು ಮರೆತೆ.